ಗಂಟುಮೂಟೆಯ ಚಿತ್ರದ ಮುಂದೆ ಅವ್ವ

ರಾಯಚೂರಿನ ನಮ್ಮ ಕಾಲೇಜಿನಲ್ಲಿ ಈ ವರ್ಷ ವ್ಯಂಗ್ಯಚಿತ್ರಗಳ ಪ್ರದರ್ಶನ ಇಟ್ಟಿದ್ದೆವು. ವಲಸೆ ಬರುವವರನ್ನು ಪತ್ರಿಕೆಗಳು ಹೇಗೆ ಚಿತ್ರಿಸುತ್ತ ಬಂದಿವೆ ಎಂಬುದು ವಿಷಯ. ಪಾಠ ಹೇಳುವವಳು ನಾನೇ, ಚಿತ್ರ ಆರಿಸಿದವಳೂ ನಾನೇ. ಹೊರದೇಶದವುಗಳಲ್ಲಿ ತುಂಬಿ ತುಳುಕುವ ದೋಣಿ, ಮುಳ್ಳುಬೇಲಿ; ನಮ್ಮವುಗಳಲ್ಲಿ ರೈಲು, ಗಂಟುಮೂಟೆ. ಬಂದವರನ್ನು ಇಲಿಗಳಂತೆ, ಮಿಡತೆಗಳಂತೆ ಬರೆದದ್ದನ್ನು ತೋರಿಸಿ, “ನೋಡ್ರಿ, ಎಂಥ ತಾತ್ಸಾರ!” ಎಂದು ಮಕ್ಕಳ ಮುಂದೆ ಮಾರುದ್ದ ಭಾಷಣ ಬಿಗಿದಿದ್ದೆ.

ಅವತ್ತೇ ದೇವದುರ್ಗದಿಂದ ಅವ್ವ ಬಂದಳು. ಕಣ್ಣು ತೋರಿಸಲು ಬಂದವಳು ಆಸ್ಪತ್ರೆ ಮುಗಿಸಿ ನೇರ ಕಾಲೇಜಿಗೇ ಬಂದುಬಿಟ್ಟಿದ್ದಳು. ಗೋಡೆಯುದ್ದಕ್ಕೂ ನಡೆದು ಒಂದು ಚಿತ್ರದ ಮುಂದೆ ನಿಂತಳು. ದೊಡ್ಡ ಊರಿನಲ್ಲಿ ರೈಲಿನಿಂದ ಇಳಿಯುತ್ತಿರುವ ಹಿಂಡು. ಎಲ್ಲರಿಗಿಂತ ಮುಂದೆ ಮೂಗು ಸುರಿಸುವ, ಕೆದರಿದ ಕೂದಲಿನ ಹುಡುಗಿ.

“ಅಯ್ಯ, ನಾವ ಅಲ್ಲೇನ್ ಇದು! ಪುಣೇಕ ಬಿಲ್ಡಿಂಗ್ ಕೆಲಸಕ್ಕ ಹೋದಾಗ ಹಿಂಗ ಇಳದಿದ್ವಿ. ಗಂಟಿನ ಮ್ಯಾಲ ರೊಟ್ಟಿ ಹಂಚು ಸೈತ ಬರದಾನ ನೋಡು! ಈ ಸಿಂಬಳಬುರುಕಿ ಥೇಟ್ ನೀನ!”

ಅವ್ವನಿಗೆ ಖುಷಿಯೋ ಖುಷಿ. ಅದು ಹೀಯಾಳಿಸಲು ಬರೆದ ಚಿತ್ರವೆಂದು ಅವಳಿಗೆ ಹೊಳೆಯಲೇ ಇಲ್ಲ.

ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದೆ. ನಾನು ಮಾನ್ವಿಯವಳು, ಅಪ್ಪನಿಗೆ ಅಲ್ಲಿ ಕಾಲುವೆ ನೀರಿನ ಗದ್ದೆಯಿದೆ ಎಂದೇ ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ಪುಣೆಯ ಮರಳಿನ ರಾಶಿಯ ಮೇಲೆ ಆಡಿ ಬೆಳೆದವಳೆಂದು ಯಾರಿಗೂ ಗೊತ್ತಿಲ್ಲ.

ಆಚೆ ಗೋಡೆಯ ಹತ್ತಿರವಿದ್ದ ವಿದ್ಯಾರ್ಥಿನಿಯೊಬ್ಬಳು ನಮ್ಮ ಬಳಿ ಬಂದಳು. “ಯಾರ್ರೀ ಮೇಡಂ ಈ ಅಮ್ಮ?”

“ನಮ್ಮೂರ ಕಡೆಯೋರು” ಎಂದೆ. ಥೂ, ನನ್ನ ಬಾಯಿಗೆ ಹುಳ ಬೀಳಲಿ!

ಹುಡುಗಿ ಅವ್ವನತ್ತ ತಿರುಗಿದಳು. “ಹಂಗಾರ ನೀವೂ ಮಾನ್ವಿಯೋರೇನ್ರೀ? ಮೇಡಂ ಅವರ ಅಪ್ಪಾರ ಗದ್ದಿ ಭಾಳ ದೊಡ್ಡದಂತಲ್ರೀ?”

ಅವ್ವ ನನ್ನ ಮುಖ ನೋಡಿದಳು. ನಗು ನಿಂತುಹೋಯಿತು. ಆಮೇಲೆ ಸೆರಗು ಸರಿಮಾಡಿಕೊಂಡು, “ಹೌದವ್ವ, ಭಾಳ ದೊಡ್ಡದು. ನಾ ಅಲ್ಲಿ ಭತ್ತ ಹಚ್ಚಾಕ ಕೂಲಿ ಹೋಗಾಕಿ” ಎಂದಳು.

ಇವಳು ನನ್ನವ್ವ ಎನ್ನಲು ಆಗಲೂ ಹೊತ್ತು ಮೀರಿರಲಿಲ್ಲ. ನಾನು ಮಾತ್ರ ಪಕ್ಕದ ಚಿತ್ರದ ಬಗ್ಗೆ ಹುಡುಗಿಗೆ ಏನೋ ವಿವರಿಸತೊಡಗಿದೆ.

ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಅವಳನ್ನು ದೇವದುರ್ಗದ ಬಸ್ಸು ಹತ್ತಿಸಿದೆ. ತಪ್ಪಾಯಿತು ಅನ್ನಲೂ ನಾಚಿಕೆ. ಸುತ್ತ ಗುರುತಿನವರು ಒಬ್ಬರೂ ಇರಲಿಲ್ಲ. ಆದರೂ ಅವ್ವ ಕಿಟಕಿಯಿಂದ ಕೈಮುಗಿದು, “ಬರ್ತೀನ್ರೀ ಮೇಡಂ” ಎಂದಳು.