ಅತ್ತೆಯ ಕಾರಿಗೆ ಗುಲಾಬಿ ಮೇಣ

ನನ್ನ ಸೋದರತ್ತೆ ಹಲ್ಲು ಮಾಡುತ್ತಾಳೆ. ಕೀಳುವುದಲ್ಲ, ಮಾಡುವುದು! ಡೆಂಟಿಸ್ಟ್‌ಗಳು ಕಳಿಸುವ ಅಚ್ಚು ನೋಡಿ, ಮನೆಯ ಮುಂದಿನ ಕೋಣೆಯಲ್ಲೇ ಕೂತು, ಗುಲಾಬಿ ಮೇಣದಲ್ಲಿ ಒಸಡು ತಿದ್ದಿ ಹಲ್ಲಿನ ಸೆಟ್ಟು ಕೂರಿಸುತ್ತಾಳೆ. ಕಿಟಕಿಯ ಉದ್ದಕ್ಕೂ ಪ್ಲಾಸ್ಟರ್ ಬಾಯಿಗಳು ಹಲ್ಲು ಕಿರಿಯುತ್ತಿರುತ್ತವೆ. ಅಜ್ಜಿಯ ಬಾಯಲ್ಲಿರುವ ಸೆಟ್ಟೂ ಅವಳ ಕೈಯದೇ. ಇಷ್ಟು ನಾಜೂಕಿನವಳು ಓಡಿಸುವುದು ಮಾತ್ರ ಪುಟ್ಟ ಕೆಂಪು ಕಾರು. ನೋಡಲು ಡಬ್ಬಿ, ಆಕ್ಸಿಲರೇಟರ್ ಒತ್ತಿದರೆ ರಾಕೆಟ್!

ಅಜ್ಜಿಗೆ ಅದೇ ತಲೆನೋವು. ಬೆಟ್ಟದ ಮೇಲಿರುವ ದೊಡ್ಡಪ್ಪನ ಮನೆಗೆ ಹೋಗುವಾಗ ತಿರುವುಗಳಲ್ಲಿ ಕಾರು ವಾಲುತ್ತದೆ, ಅಜ್ಜಿಗೆ ಹೊಟ್ಟೆ ತೊಳಸುತ್ತದೆ. ಕಳೆದ ಸಲ ಇಳಿದವಳೇ ತೀರ್ಪು ಕೊಟ್ಟುಬಿಟ್ಟಳು.

"ಮುಂದಿನ ಸಲವೂ ವಾಂತಿ ಬಂದ್ರೆ ಈ ಹುಚ್ಚು ಕುದುರೇನ ಮಾರಿಬಿಡಬೇಕು. ಮಾತು ಕೊಡು."

ಅತ್ತೆ ಸಪ್ಪೆ ಮುಖ ಮಾಡಿಕೊಂಡು ಮಾತು ಕೊಟ್ಟಳು.

ಆಮೇಲೆ ಅತ್ತೆ ಹುಡುಕಿದ್ದೇ ಸ್ಪೇಸರ್. ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಇಡುವ ದಪ್ಪ ಲೋಹದ ಬಿಲ್ಲೆ, ಅಷ್ಟೇ! ಚಕ್ರಗಳು ಒಂಚೂರು ಹೊರಗೆ ಬರುತ್ತವೆ, ಕಾರು ಕಾಲು ಅಗಲಿಸಿ ನಿಲ್ಲುತ್ತದೆ. ಹಾಗೆ ನಿಂತವರನ್ನು ತಳ್ಳಿ ನೋಡಿ, ಸುಲಭಕ್ಕೆ ವಾಲುತ್ತಾರಾ?

ಮೆಕ್ಯಾನಿಕ್ ಉದ್ದನೆಯ ಬೋಲ್ಟು ಹಾಕಿ ನಾಲ್ಕೂ ಸ್ಪೇಸರ್ ಬಿಗಿದ. ಅತ್ತೆ ನೆಲಕ್ಕೆ ಕೂತು ಮಡ್‌ಗಾರ್ಡಿನ ಒಳಗೆ ಏನನ್ನೋ ಒತ್ತುತ್ತಿದ್ದಳು.

"ಅತ್ತೇ, ಏನದು?"

"ಮೇಣ ಕಣೇ. ಹಲ್ಲಿನ ಸೆಟ್ಟಿಗೆ ನೋಡೋ ಹಾಗೆ ಇದಕ್ಕೂ ಕಚ್ಚು ನೋಡ್ಬೇಡ್ವಾ? ಟೈರು ತಾಗಿದ್ರೆ ಗುರುತು ಬೀಳುತ್ತೆ."

"ಹಲ್ಲೂ ಉಜ್ಜಿಬಿಡ್ಲಾ ಮೇಡಂ?" ಎಂದ ಮೆಕ್ಯಾನಿಕ್.

ಅತ್ತೆ ಒಬ್ಬಳೇ ಊರು ಸುತ್ತಿ ಬಂದಳು. ಮೇಣ ನುಣ್ಣಗೆ ಇತ್ತು!

ಭಾನುವಾರ ಅಜ್ಜಿ ವಾಂತಿಗೆಂದು ಮಡಿಸಿಟ್ಟ ಪ್ಲಾಸ್ಟಿಕ್ ಕವರ್ ಹಿಡಿದು ಹಿಂದೆ ಕೂತಳು. ಡಿಕ್ಕಿಯಲ್ಲಿ ದೊಡ್ಡಪ್ಪನಿಗೆಂದು ಹೂವಿನ ಕುಂಡಗಳು. ಬೆಟ್ಟ ಇನ್ನೂ ದೂರವಿತ್ತು, ಒಂದು ತಗ್ಗು ಬಂತು, ಕರ್ರ್ರ್!

"ಯಾರೇ ಅದು ಹಲ್ಲು ಕಡಿಯೋದು?" ಎಂದಳು ಅಜ್ಜಿ.

ಇಳಿದು ನೋಡಿದರೆ ಹಿಂದಿನ ಚಕ್ರದ ಮೇಲಿನ ಮೇಣ ಕಿತ್ತುಹೋಗಿದೆ. ಅತ್ತೆ ಹಣೆ ಚಚ್ಚಿಕೊಂಡಳು.

"ಖಾಲಿ ಬಾಯಲ್ಲಿ ಕಚ್ಚಿಸಿ ನೋಡ್ಬಿಟ್ನಲ್ಲೇ! ಅಗಿಸಿ ನೋಡದೆ ಒಂದು ಸೆಟ್ಟೂ ಕಳಿಸಿದೋಳಲ್ಲ ನಾನು. ಹಿಂದೆ ಭಾರ ಬಿದ್ರೆ ಗಾಡಿ ಕೆಳಗೆ ಕೂರುತ್ತೆ ಅಂತ ಹೊಳೀಲೇ ಇಲ್ಲ."

"ಅಂದ್ರೆ ನಾನು ದಪ್ಪ ಅಂತಾನಾ?"

"ಅಯ್ಯೋ, ಕುಂಡ ಅಮ್ಮಾ, ಕುಂಡ!"

ಮೆಲ್ಲಗೆ ಗ್ಯಾರೇಜಿಗೆ ವಾಪಸ್. ಹಿಂದಿನ ಚಕ್ರಗಳಿಗೆ ತೆಳು ಸ್ಪೇಸರ್, ಅದಕ್ಕೆ ತಕ್ಕ ಬೋಲ್ಟು, ಹೊಸ ಮೇಣ. ಈ ಸಲ ಅಜ್ಜಿ, ಕುಂಡ ಎಲ್ಲವನ್ನೂ ಹೇರಿಕೊಂಡೇ ಅತ್ತೆ ಪಕ್ಕದ ರಸ್ತೆಯ ಹಂಪ್‌ಗಳ ಮೇಲೆಲ್ಲ ಕಾರನ್ನು 'ಅಗಿಸಿ'ದಳು. ಸದ್ದಿಲ್ಲ!

ಆಮೇಲೆ ಬೆಟ್ಟ. ನನ್ನ ಕಣ್ಣು ಸ್ಪೀಡಿನ ಮುಳ್ಳಿನ ಮೇಲೇ. ಅತ್ತೆ ಕಳ್ಳಾಟ ಆಡಿ ನಿಧಾನ ಮಾಡುತ್ತಾಳಾ ಅಂತ. ಇಲ್ಲ, ಎಂದಿನ ವೇಗವೇ! ಮೊದಲ ತಿರುವು, ಎರಡನೆಯದು, ಆ ದೊಡ್ಡ ತಿರುವು. ನಾನು ಬಾಗಿಲ ಕಡೆ ಜಾರಲೇ ಇಲ್ಲ. ಹಿಂದೆ ತಿರುಗಿದರೆ ಅಜ್ಜಿ ಬಾಯಿ ಬಿಗಿದು ಕೂತಿದ್ದಾಳೆ. ವಾಂತಿಗೋ, ಸಿಟ್ಟಿಗೋ, ಗೊತ್ತಾಗಲಿಲ್ಲ.

ದೊಡ್ಡಪ್ಪನ ಗೇಟಿನ ಮುಂದೆ ಇಳಿದ ಅಜ್ಜಿ ಬಗ್ಗಿ, ಮಡ್‌ಗಾರ್ಡಿನೊಳಗೆ ಕೈಹಾಕಿ ಮೇಣ ಸವರಿದಳು. ನುಣ್ಣಗಿತ್ತು.

"ಮಾರ್ಬೇಕಾ ಅಮ್ಮಾ?" ಅತ್ತೆಯ ದನಿ ಸಣ್ಣಗಾಗಿತ್ತು.

"ನೀನು ಮಾಡ್ಕೊಟ್ಟ ಹಲ್ಲಿನ ಸೆಟ್ಟೂ ಮೊದಲ ದಿನ ಒಸಡು ಕಚ್ಚಿತ್ತು. ಬಿಸಾಕಿದ್ನಾ?" ಎಂದ ಅಜ್ಜಿ, ಮಡಿಕೆ ಬಿಚ್ಚದ ಕವರನ್ನು ಅವಳ ಕೈಗಿಟ್ಟು ಒಳಗೆ ನಡೆದಳು.