ಫೋನಿನಲ್ಲಿ ಕೇಳಿಸಿದ ಉಸಿರು

ನನ್ನ ಅಕ್ಕ ಗಜೇಂದ್ರಗಡದಲ್ಲಿ ಸೀರೆ ನೇಯುತ್ತಾಳೆ. ಅವಳ ಸೀರೆಗಳನ್ನೂ ಅಕ್ಕಪಕ್ಕದ ಮಗ್ಗಗಳಲ್ಲಿ ನೇಯ್ದವನ್ನೂ ರೋಣ, ನರಗುಂದದ ಅಂಗಡಿಗಳಿಗೆ ಒಯ್ದು ಮಾರುವವನು ನಾನು. ಯಾರ ಆಸರೆಯೂ ಇಲ್ಲದೆ ಕಟ್ಟಿದ ವ್ಯಾಪಾರ. ಅದರಲ್ಲಿ ಕಲಿತದ್ದು ಒಂದೇ ವಿದ್ಯೆ: ಬೇಕು ಅನ್ನುವುದನ್ನು ಮುಖದ ಮೇಲೆ ತೋರಿಸಬಾರದು. ವಸ್ತುವನ್ನು ಮುಟ್ಟಿ, ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದರೆ ಅಂಗಡಿಯವನೇ ಕರೆಯುತ್ತಾನೆ. ನೀವೂ ಮಾಡಿ ನೋಡಿ, ಸೀರೆಯಿಂದ ಎಮ್ಮೆಯವರೆಗೆ ನಡೆಯುತ್ತದೆ.

ಔಷಧಕ್ಕೆ ನಡೆಯುವುದಿಲ್ಲ.

ಅಕ್ಕನಿಗೆ ದಮ್ಮು. ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ನೀಲಿ ಪಂಪು ಮಗ್ಗದ ಪಕ್ಕದಲ್ಲೇ ಇರುತ್ತದೆ. ಹೋದ ಚಳಿಗಾಲದಲ್ಲಿ ಅದು ಅಂಗಡಿಗಳಿಗೆ ಬರುವುದು ನಿಂತಿತು. ಮೇಲಿನಿಂದಲೇ ಮಾಲು ಇಲ್ಲ ಎಂದರು. ಯಾವ ಮೇಲೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿದ್ದ ಪಂಪನ್ನು ಅಕ್ಕ ಉಳಿಸಿ ಉಳಿಸಿ ಬಳಸಿದಳು. ಒತ್ತಿದರೆ ಬುಸ್ ಎನ್ನುತ್ತದಲ್ಲ, ಇನ್ನೂ ಐತಿ ಎನ್ನುವಳು. ಅದನ್ನು ನಂಬಬೇಡಿ. ಔಷಧ ತೀರಿದ ಮೇಲೂ ಡಬ್ಬಿಯಿಂದ ಬರೀ ಗಾಳಿ ಬರುತ್ತದೆ. ನಮಗೆ ಅದು ತಿಳಿದದ್ದು, ಒಂದು ಬೆಳಿಗ್ಗೆ ಅವಳು ಮಗ್ಗದ ಲಾಳಿ ಹಿಡಿದು, ಅದನ್ನು ಎಸೆಯುವಷ್ಟೂ ಉಸಿರಿಲ್ಲದೆ ಕುಳಿತಾಗ. ದವಾಖಾನೆಗೆ ಒಯ್ದು ಮುಖಕ್ಕೆ ಮಾಸ್ಕ್ ಕಟ್ಟಿ ಔಷಧದ ಹಬೆ ಕೊಡಿಸಿದೆವು. ಸ್ವಲ್ಪ ಇಳಿಯಿತು.

"ಪಂಪ್ ಇಲ್ಲದ ಇರಬ್ಯಾಡ್ರಿ, ಮತ್ತ ಬರತೈತಿ" ಎಂದು ಡಾಕ್ಟರು ಚೀಟಿ ಬರೆದರು.

ಹೆಂಡತಿಯನ್ನು ಅವಳ ಜೊತೆ ಕೂರಿಸಿ ಹೊರಟೆ. ಗಜೇಂದ್ರಗಡದಲ್ಲಿ ಇಲ್ಲ. ರೋಣದಲ್ಲಿ ಬಸ್ಸಿಳಿದು ಕೇಳಿದೆ, ಇಲ್ಲ. ಆ ಹೊತ್ತಿಗೆ ನನಗೆ ಭಯವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇಲ್ಲ್ರಿ ಅನ್ನುವುದನ್ನು ಕೇಳುವುದು, ಚೀಟಿ ಮಡಚುವುದು, ಮುಂದಿನ ಅಂಗಡಿ. ನರಗುಂದದ ಬಸ್ಸಿನಲ್ಲಿ ಪಕ್ಕದವರು ಕಡಲೆ ಬೆಳೆಯ ಮಾತಾಡಿದರು. ನಾನೂ ತಲೆಯಾಡಿಸಿದೆ.

ನರಗುಂದದಲ್ಲಿ ಪರಿಚಯದ ಔಷಧ ಅಂಗಡಿಯವರೊಬ್ಬರಿದ್ದಾರೆ. ಅವರ ಮಗಳ ಮದುವೆಗೆ ಸೀರೆ ಕೊಟ್ಟವನು ನಾನೇ. ಅಂಗಡಿಯಲ್ಲಿ ಮಂದಿ ಇದ್ದರು. ಚೀಟಿ ಮುಂದಿಟ್ಟು, ರೂಢಿಯಂತೆ, ಇದ್ದರೂ ಸರಿ ಇಲ್ಲದಿದ್ದರೂ ಸರಿ ಎನ್ನುವ ದನಿಯಲ್ಲಿ ಕೇಳಿದೆ.

"ಇದೊಂದ್ ನೀಲಿ ಪಂಪ್ ಇದ್ರ ನೋಡ್ರಿ, ಸಾವಕಾರ್ರ."

"ಇಲ್ಲ್ರಿ."

ಚೀಟಿ ತೆಗೆದುಕೊಂಡು ಮೆಟ್ಟಿಲು ಇಳಿದೆ. ಕರೆಯಲಿಲ್ಲ. ನಾನೇ ತಿರುಗಿ ಹತ್ತಿದೆ.

"ಖರೇ ಹೇಳ್ರಿ. ಒಳಗ ಒಂದರ ಇಟ್ಟಿರತೀರಿ ನೀವು."

"ಇಟ್ಟೀನಿ. ದಮ್ ಹತ್ತಿದವ್ರಿಗೆ ಇಟ್ಟೀನಿ." ಅವರು ಕನ್ನಡಕ ಮೇಲೇರಿಸಿದರು. "ಇರ್ಲಿ ಅಂತ ಒಯ್ದು ಕಪಾಟದಾಗ ಇಟ್ಕೊಳ್ಳೋ ಮಂದಿ ಭಾಳ ಆಗ್ಯಾರ. ನಿಮ್ಮ ಮಾರಿ ನೋಡಿದ್ರ ಸಂತಿಗೆ ಬಂದವ್ರಂಗ ಕಾಣಸ್ತೀರಿ."

ಹಿಂದೆ ನಿಂತಿದ್ದ ಹೆಂಗಸೊಬ್ಬಳು ನಕ್ಕಳು.

"ಅಕ್ಕಗ ಬೇಕಾಗೈತ್ರಿ. ಚೀಟಿ ಐತಲ್ಲ."

"ಚೀಟಿ ಎಲ್ಲಾರ ಕಡೆನೂ ಐತ್ರಿ. ಅಕ್ಕಾರ್ನ ಕರ್ಕೊಂಡ್ ಬರ್ರಿ."

"ಗಜೇಂದ್ರಗಡದಾಗ ಅದಾಳ್ರಿ. ಬಸ್ಸಿನ್ಯಾಗ ಹ್ಯಾಂಗ ಬರತಾಳ?"

"ಹಂಗಾರ ಫೋನ್ ಹಚ್ರಿ."

ಹಚ್ಚಿದೆ. ಸ್ಪೀಕರಿಗೆ ಹಾಕಿಸಿ, ಫೋನನ್ನು ಕೌಂಟರಿನ ಮೇಲೆ ಇಡಿಸಿದರು.

"ತಮ್ಮಾ, ಸಿಕ್ಕಿತೇನ?"

"ಮಾತಾಡಬ್ಯಾಡಕ್ಕ. ಸುಮ್ನ ಉಸಿರಾಡು. ಅಂಗಡಿಯವ್ರು ಕೇಳತಾರ."

"ಏನ್ ಕೇಳತಾರ?"

"ನಿನ್ನ ಉಸಿರ."

ಅತ್ತ ಕಡೆ ಸದ್ದಿಲ್ಲ. ಹೊರಗಿನವರ ಮುಂದೆ ದಮ್ಮು ತೋರಿಸುವವಳಲ್ಲ ಅವಳು. ಸೀರೆ ನೋಡಲು ಗಿರಾಕಿ ಬಂದರೆ ಒಳಗೆ ಹೋಗಿ ಕೆಮ್ಮಿ ಬರುತ್ತಾಳೆ. ಈಗಲೂ ಉಸಿರು ಬಿಗಿಹಿಡಿದಿದ್ದಾಳೆಂದು ಗೊತ್ತಾಯಿತು.

"ಅಕ್ಕ, ತಡೀಬ್ಯಾಡ."

ಆಮೇಲೆ ಬಂತು. ಕಮ್ಮಾರನ ಹರಿದ ತಿದಿ ಒತ್ತಿದಂತೆ. ಒಳಗೆ ಹೋಗಲು ಒಂದು ಸದ್ದು, ಹೊರಬರಲು ಅದಕ್ಕಿಂತ ಉದ್ದದ ಸಿಳ್ಳು. "ಯವ್ವಾ, ಪಾಪ," ಎಂದಳು ಆ ಹೆಂಗಸು. ನಾನು ಗಾಜಿನೊಳಗಿನ ಹಲ್ಲುಪುಡಿ ಡಬ್ಬಿಗಳನ್ನು ನೋಡುತ್ತ ನಿಂತಿದ್ದೆ. ಏನೂ ಅನ್ನಿಸಲಿಲ್ಲ.

"ಸಾಕು, ಇಡ್ರಿ," ಎಂದು ಅಂಗಡಿಯವರು ಒಳಗಿನಿಂದ ಪಂಪು ತಂದರು. ಡಬ್ಬಿಯ ಮೇಲಿದ್ದ ದರವನ್ನೇ ತೆಗೆದುಕೊಂಡರು. ನಾನೂ ಜಗ್ಗಾಡಲಿಲ್ಲ.

ದಮ್ಮು ಇರುವವರ ಮನೆಯವರಿಗೆ ನನ್ನದೊಂದು ಮಾತು. ಪಂಪು ಮುಗಿಯುವ ಮೊದಲೇ ಅಂಗಡಿಗೆ ಹೋಗಿ, ಯಾರಿಗೆ, ಎಷ್ಟು ತ್ರಾಸು ಅನ್ನುವುದನ್ನು ಬಾಯಿಬಿಟ್ಟು ಹೇಳಿಡಿ. ಗತ್ತು ಬೇರೆ ವ್ಯಾಪಾರಕ್ಕೆ ಇರಲಿ.

ಸಂಜೆ ಮನೆ ಮುಟ್ಟಿದಾಗ ಅಕ್ಕ ಮೊಣಕಾಲ ಮೇಲೆ ಕೈಯೂರಿ, ಮುಂದಕ್ಕೆ ಬಾಗಿ ಕುಳಿತಿದ್ದಳು. ಪಂಪು ಒತ್ತಿ ಎಳೆದುಕೊಂಡಳು, ಹಿಡಿದಳು, ಬಿಟ್ಟಳು. ಮತ್ತೊಮ್ಮೆ. ನಿಧಾನಕ್ಕೆ ಭುಜಗಳು ಇಳಿದವು. ಮಾತು ಬರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

"ಅಂಗಡ್ಯಾಗ ಎಷ್ಟ್ ಮಂದಿ ಇದ್ರು?"

"ಅವ್ರೊಬ್ಬರ ಇದ್ರು."

"ಹೆಂಗಸಿನ ದನಿ ಕೇಳಿಸ್ತು."

"ಅವ್ರ ಮನಿಯವ್ರು ಇರಬೇಕು."

ಅಕ್ಕ ಪಂಪಿನ ಮುಚ್ಚಳ ಹಾಕಿದಳು.

"ಇನ್ನೊಮ್ಮಿ ನಾನ ಬರತೀನಿ. ಫೋನ್ ಹಚ್ಚಬ್ಯಾಡ."

ಆಗಲಿ ಎಂದೆ.