ಎಡಗಾಲಿನ ಪೆಡಲು

ಗ್ಯಾರೇಜು ಬೀದಿಯಲ್ಲಿ ಅವಳನ್ನು ಎಲ್ಲರೂ ಸೀಟಕ್ಕ ಎಂದೇ ಕರೆಯುತ್ತಿದ್ದರು. ಲಾರಿ, ಟೆಂಪೊ, ಶಾಲೆಯ ಬಸ್ಸು, ಯಾವುದರ ಸೀಟು ಹರಿದರೂ ಅವಳ ಅಂಗಡಿಗೇ ಬರಬೇಕು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಚಿಕ್ಕವಳಿದ್ದಾಗ ಬಂದ ಜ್ವರವೊಂದು ಬಲಗಾಲಿನ ಕಸುವನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಆ ಕಾಲು ಅವಳ ಜೊತೆ ಬರುತ್ತಿತ್ತೇ ಹೊರತು ಅವಳ ಮಾತು ಕೇಳುತ್ತಿರಲಿಲ್ಲ. ಅದನ್ನು ನೋಡಿ ಯಾರಾದರೂ ‘ಅಯ್ಯೋ ಪಾಪ’ ಎಂದರೋ, ಅವರ ಸೀಟು ಇನ್ನೊಂದು ವಾರ ತಡವಾಯಿತೆಂದೇ ಲೆಕ್ಕ.

ಮೋಟಾರು ಹಾಕಿದ ದೊಡ್ಡ ಹೊಲಿಗೆ ಯಂತ್ರವನ್ನು ಅವಳು ಎಡಗಾಲೊಂದರಲ್ಲೇ ಓಡಿಸುತ್ತಿದ್ದಳು. ಕಾಲಿನ ಬೆರಳು ಒತ್ತಿದರೆ ಸೂಜಿ ಓಡುತ್ತದೆ, ಹಿಮ್ಮಡಿ ಒತ್ತಿದರೆ ನಿಲ್ಲುತ್ತದೆ. ದಪ್ಪ ರೆಕ್ಸಿನ್ನಿನ ಮೂಲೆ ತಿರುಗಿಸುವಾಗ ಒಂದೊಂದೇ ಹೊಲಿಗೆ ಬೀಳುವಷ್ಟು ಹದವಾಗಿ ಒತ್ತುವುದು ಆ ಕಾಲಿಗೆ ಗೊತ್ತಿತ್ತು.

ಡ್ರೈವರ್ ಸೀಟು ಹೊಲಿದು ಕೂರಿಸಿದ ಮೇಲೆ ಅವಳು ಅದರಲ್ಲಿ ಕೂತು, ಸ್ಟೀರಿಂಗ್ ಹಿಡಿದು, ಸ್ಪ್ರಿಂಗು ನೋಡುವ ನೆಪದಲ್ಲಿ ಸ್ವಲ್ಪ ಜಾಸ್ತಿ ಹೊತ್ತೇ ಕೂರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ತನ್ನ ಗಾಡಿಯನ್ನು ತಾನೇ ಓಡಿಸಬೇಕು. ಸಂತೆಗೆ ಹೋಗಲಿ, ರೆಕ್ಸಿನ್ ತರಲು ಹೋಗಲಿ, ಯಾರ ಸ್ಕೂಟರಿನ ಹಿಂದೆಯೂ ಚೀಲದ ಹಾಗೆ ಕೂರಬಾರದು. ಒಮ್ಮೆ ಬಾಯಿಬಿಟ್ಟು ಹೇಳಿದ್ದಳು. ಪಕ್ಕದಲ್ಲೇ ಗಾಡಿಗಳ ತಗಡು ಕೆಲಸದ ಟಿಂಕರಿಂಗ್ ಶೆಡ್ಡು ಇಟ್ಟಿದ್ದ ತಮ್ಮ, “ನಾನಿದೀನಲ್ಲ ಕರ್ಕೊಂಡು ಹೋಗೋಕೆ, ನಿಂಗ್ಯಾಕೆ ಆ ತಾಪತ್ರಯ” ಎಂದಿದ್ದ. ಪ್ರೀತಿಯಿಂದಲೇ ಅಂದದ್ದು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು.

ಹೀಗಿರುವಾಗ ಹಳೆಯ ವಸತಿಗೃಹವೊಂದರಿಂದ ಸೋಫಾ ಹೊಲಿಯುವ ಕೆಲಸ ಬಂತು. ಅಳತೆ ತೆಗೆದುಕೊಳ್ಳಲು ಹೋದವಳು ಹಿತ್ತಲಲ್ಲಿ ಆ ಕಾರನ್ನು ಕಂಡಳು. ಅಮೆರಿಕದ್ದು, ನಾಲ್ಕು ಬಾಗಿಲಿನದು, ಅವಳ ಅಪ್ಪ ಹುಡುಗನಾಗಿದ್ದ ಕಾಲದ್ದು. ಮೂತಿಯ ತುಂಬ ಕ್ರೋಮಿನ ಹಲ್ಲು, ಹಿಂದೆ ಮೀನಿನ ರೆಕ್ಕೆಯಂತೆ ಎದ್ದು ನಿಂತ ಎರಡು ಅಂಚು. ಚಕ್ರಗಳು ಮಣ್ಣಿನಲ್ಲಿ ಹೂತಿದ್ದವು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತು ಬಂದವಳನ್ನೇ ದುರುಗುಟ್ಟಿ ನೋಡುತ್ತಿತ್ತು. ಸೀಟಕ್ಕ ಕಿಟಕಿಯಿಂದ ತಲೆ ತೂರಿಸಿ ಡ್ರೈವರ್ ಸೀಟಿನ ಕಾಲಬುಡ ನೋಡಿದಳು. ಮೂರು ಪೆಡಲುಗಳಿರಬೇಕಾದಲ್ಲಿ ಎರಡೇ ಇದ್ದವು. ಕ್ಲಚ್ಚು ಇಲ್ಲ. ಉಳಿದೆರಡಕ್ಕೆ ಒಂದೇ ಕಾಲು ಸಾಕು.

“ಸೋಫಾ, ಕುರ್ಚಿ, ಹಾಸಿಗೆ ಎಲ್ಲಾ ಹೊಲ್ಕೊಡ್ತೀನಿ. ಈ ಕಾರು ನಂಗೆ ಕೊಡಿ” ಎಂದಳು ಮಾಲೀಕರಿಗೆ.

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, “ಕೋಳಿ ಬಿಟ್ಟು ಉಳಿದದ್ದೆಲ್ಲ ನಿಂದೇ ಕಣಮ್ಮ” ಎಂದರು.

ಕಾರನ್ನು ಬೀದಿಗೆ ಎಳೆದು ತಂದ ದಿನ ಅರ್ಧ ಬೀದಿ ಕೆಲಸ ಬಿಟ್ಟು ನೋಡಲು ನಿಂತಿತು. ಎದುರು ಗ್ಯಾರೇಜಿನ ಇಂಜಿನ್ ಮೇಸ್ತ್ರಿಯನ್ನು ಎಲ್ಲರೂ ಗ್ರೀಸ್ ಮಾವ ಎನ್ನುತ್ತಿದ್ದರು. ಅವರು ಬಾನೆಟ್ ಎತ್ತಿ ನೋಡಿ ಮೂಗು ಮುರಿದರು. “ತಾನೇ ಗೇರು ಬದಲಾಯಿಸ್ಕೊಳ್ಳೋ ಗಾಡಿ. ಎಡಗಾಲಿಗೆ ಕೆಲಸಾನೇ ಇಲ್ಲ. ಇದನ್ನ ಓಡಿಸೋದೂ ಒಂದೇ, ಮಂಚದ ಮೇಲೆ ಕೂರೋದೂ ಒಂದೇ.”

“ಎಡಗಾಲಿಗೆ ಕೆಲಸ ನಾನು ಕೊಡ್ತೀನಿ ಮಾವ” ಎಂದಳು ಸೀಟಕ್ಕ.

ಮೂಗು ಮುರಿದರೂ ಮಾವ ಇಂಜಿನ್ನಿಗೆ ಕೈ ಹಾಕದೆ ಇರಲಾರದೆ ಹೋದರು. ಪಿಸ್ಟನ್ನುಗಳು ಜಾಮಾಗಿದ್ದವು, ಎಣ್ಣೆ ಹುಯ್ದು, ಕಾದು, ತಟ್ಟಿ, ಬೈದು ಬಿಡಿಸಿದರು. ಸೀಟಕ್ಕನ ತಮ್ಮ ತುಕ್ಕು ತಿಂದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆದ, ನಗ್ಗಿದ ಬಾಗಿಲುಗಳನ್ನು ಒಳಗಿನಿಂದ ಬಡಿದು ಸರಿಮಾಡಿದ. ಅವನ ಕೈಯಲ್ಲಿ ಸುತ್ತಿಗೆಗೂ ಮರ್ಯಾದೆ ಇತ್ತು. ಬಣ್ಣ ಬಳಿಯುವ ಮೊದಲು ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡುತ್ತಿದ್ದ. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ. ಮೊದಲಿದ್ದ ತೆಳು ಹಸಿರನ್ನೇ ಹುಡುಕಿ ತಂದು ಬಳಿದ. ಸೀಟಕ್ಕ ಸೀಟಿನ ಸ್ಪ್ರಿಂಗುಗಳನ್ನು ಕಟ್ಟಿ, ಮೊದಲಿದ್ದಂಥದೇ ಗಾಢ ಕೆಂಪು ರೆಕ್ಸಿನ್ ಹೊಲಿದಳು. ತಾನು ಕುಳ್ಳಿ ಎಂದು ಡ್ರೈವರ್ ಭಾಗವನ್ನಷ್ಟೇ ಎತ್ತರಿಸಿದಳು.

ಕೊನೆಗೆ ಅವಳು ಕೇಳಿದ್ದನ್ನು ಗ್ರೀಸ್ ಮಾವ ಮಾಡಿಕೊಟ್ಟರು. ಬ್ರೇಕಿನ ಎಡಕ್ಕೆ ಇನ್ನೊಂದು ಪೆಡಲು. ಅದರಿಂದ ಒಂದು ಸರಳು ಅಡ್ಡಕ್ಕೆ ಹೋಗಿ ಬಲಗಡೆಯ ಆಕ್ಸಿಲರೇಟರನ್ನು ಒತ್ತುತ್ತದೆ. ಮಾತು ಕೇಳದ ಬಲಗಾಲು ಜಾರಿ ಅಲ್ಲಿಗೆ ಬೀಳದಂತೆ ಒಂದು ತಗಡಿನ ಅಡ್ಡಗೋಡೆ. ಒಟ್ಟು ನಾಲ್ಕು ಬೋಲ್ಟುಗಳ ಕೆಲಸ. ಈಗ ಓಡುವುದೂ ನಿಲ್ಲುವುದೂ ಎಡಗಾಲಿನಲ್ಲೇ.

ಬೀದಿಯ ಹಿಂದಿನ ಮೈದಾನದಲ್ಲಿ ಮೊದಲ ಬಾರಿ ಕೂತಳು. ಬೆರಳು ಒತ್ತಿದಳು, ಕಾರು ಬೆಣ್ಣೆಯಂತೆ ಹೊರಟಿತು. ಇಡೀ ಬೀದಿ ಬಾಯಿ ಬಿಟ್ಟು ನೋಡುತ್ತಿತ್ತು. ಎದುರಿಗೆ ಹಳೆ ಟಯರುಗಳ ರಾಶಿ ಬಂತು. ನಿಲ್ಲಿಸಬೇಕು. ಸೀಟಕ್ಕ ಹೊಲಿಗೆ ಯಂತ್ರದ ಅಭ್ಯಾಸದಂತೆ ಬಲವಾಗಿ ಹಿಮ್ಮಡಿ ಒತ್ತಿದಳು. ಕಾರಿನ ಪೆಡಲಿಗೆ ಹಿಮ್ಮಡಿಯ ಭಾಷೆ ಎಲ್ಲಿ ಗೊತ್ತು? ಅದು ಹಾಗೇ ಹೋಗಿ ಟಯರಿನ ರಾಶಿಗೆ ಮೂತಿ ಇಟ್ಟಿತು. ಕ್ರೋಮಿನ ಎರಡು ಹಲ್ಲು ಮುರಿದವು.

ತಮ್ಮ ಓಡಿ ಬಂದ. ಬಾಗಿಲು ತೆಗೆದು ಅವಳ ತೋಳು ಹಿಡಿದ. “ಸಾಕು ಅಕ್ಕ. ಇಷ್ಟಕ್ಕೇ ಸಾಕು. ಇಳಿ.”

“ಹಲ್ಲು ಹೋಗಿದ್ದು ಕಾರಿಂದು. ನೀನ್ಯಾಕೆ ಅಳ್ತೀಯ?” ಎಂದು ಅವಳು ರಿವರ್ಸ್ ಹಾಕಿದಳು.

ಆಮೇಲೆ ಹಟ ಹಿಡಿದು ಕಲಿತಳು. ಕೂತಲ್ಲೆಲ್ಲ ಎಡಪಾದವನ್ನು ಎತ್ತಿ ಪಕ್ಕಕ್ಕಿಟ್ಟು, ಎತ್ತಿ ಪಕ್ಕಕ್ಕಿಟ್ಟು, ಬ್ರೇಕಿನ ಜಾಗವನ್ನು ಕಾಲಿಗೆ ಬಾಯಿಪಾಠ ಮಾಡಿಸಿದಳು. ಲೈಸೆನ್ಸು ಕೊಡುವ ಅಧಿಕಾರಿ ಪಕ್ಕದಲ್ಲಿ ಕೂತು ಊರು ಸುತ್ತಿ, ಹೊಸ ಪೆಡಲನ್ನು ಕಾರಿನ ಕಾಗದದಲ್ಲೂ ಬರೆಸಿ, ಸಹಿ ಹಾಕಿದರು. ಅಂದು ಮನೆಗೆ ಬರುವಾಗ ಸೀಟಕ್ಕ ಕಾರಿನೊಳಗೆ ಒಬ್ಬಳೇ ಗಟ್ಟಿಯಾಗಿ ನಕ್ಕಳು, ಒಂದಿಷ್ಟು ಅತ್ತಳು ಕೂಡ. ಅದನ್ನು ಅವಳು ಯಾರಿಗೂ ಹೇಳಿಲ್ಲ.

ತಮ್ಮನಿಗೆ ಮಾತ್ರ ಟಯರಿನ ರಾಶಿ ಕಣ್ಣಿಂದ ಹೋಗಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಹಳೆ ಕಾರುಗಳ ಪ್ರದರ್ಶನ ಬಂತು. ಕಾರು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇದ್ದರೆ ಮೊದಲ ಬಹುಮಾನ. ಪ್ರತಿ ಕಾರೂ ಮೈದಾನ ಸುತ್ತಿ ವೇದಿಕೆಯ ಮುಂದೆ ಹಾದುಹೋಗಬೇಕು. ಮುರಿದ ಕ್ರೋಮಿನ ಹಲ್ಲುಗಳನ್ನು ಮತ್ತೆ ಕೂರಿಸಿ, ತಮ್ಮ ತಾನೇ ಹೋಗಿ ಅರ್ಜಿ ತುಂಬಿ ಹೆಸರು ಕೊಟ್ಟು ಬಂದ. ಆ ಬೆಳಿಗ್ಗೆ, “ನೀನು ನಿಧಾನ ಬಾ, ನಾನು ಮುಂಚೆ ಹೋಗಿ ಒರೆಸಿ ನಿಲ್ಸಿರ್ತೀನಿ” ಎಂದು ಕಾರು ತೆಗೆದುಕೊಂಡು ಹೋದ. ಮೈದಾನ ಸುತ್ತುವುದು ತಾನೇ ಎಂದುಕೊಂಡಿದ್ದ ಸೀಟಕ್ಕ ಒಳ್ಳೆಯ ಬಟ್ಟೆ ಉಟ್ಟು ಆಟೊದಲ್ಲಿ ಬಂದಳು. ಕಾರು ಥಳಥಳಿಸುತ್ತಿತ್ತು. ಬಾಗಿಲು ತೆಗೆದು ಕೂತು, ಕೀಲಿ ತಿರುಗಿಸಿ, ಎಡಗಾಲು ಇಟ್ಟಳು.

ಕಾಲಿಗೆ ಬರೀ ನೆಲ ಸಿಕ್ಕಿತು.

ಬಗ್ಗಿ ನೋಡಿದಳು. ಪೆಡಲಿಲ್ಲ, ಸರಳಿಲ್ಲ, ತಗಡಿಲ್ಲ. ಬೋಲ್ಟಿನ ತೂತುಗಳ ಮೇಲೆ ಹೊಸ ರಬ್ಬರ್ ಹಾಸು.

“ಇವತ್ತೊಂದು ದಿನ ಅಕ್ಕ” ಎಂದ ತಮ್ಮ, ಅವಳು ಕೇಳುವ ಮೊದಲೇ. “ಅದಿದ್ರೆ ಮಾರ್ಕ್ಸ್ ಕಳೀತಾರೆ. ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ರಾಣಿ ಥರ ಕೂತಿರು. ಆಮೇಲೆ...”

“ಆಮೇಲೆ ಏನು?”

“ಆಮೇಲೂ ಬೇಡ ಅನ್ಸತ್ತೆ. ನಿಂಗೇನಾದ್ರೂ ಆದ್ರೆ ನಾನೇನು ಮಾಡ್ಲಿ?”

ಸೀಟಕ್ಕ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ಪರರು ಮಾಡಿದ್ದರೆ ಜಾಡಿಸಿ ಬಿಡುತ್ತಿದ್ದಳು. ಇವನು ಚಿಕ್ಕಂದಿನಲ್ಲಿ ಅವಳ ಪುಸ್ತಕದ ಚೀಲವನ್ನೂ ಹೊತ್ತು ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಶಾಲೆಗೆ ನಡೆದವನು. ಆದರೂ ಬಿಡಲಿಲ್ಲ.

“ನೀನು ಕಿತ್ತಿದ್ದು ಪೆಡಲಲ್ಲ ಕಣೋ, ನನ್ನ ಕಾಲು. ಎಲ್ಲಿಟ್ಟಿದೀಯ?”

“ಡಿಕ್ಕಿಲಿ.”

“ತಗೊಂಡ್ಬಾ. ಸ್ಪ್ಯಾನರ್ ಕೂಡ.”

ಅವನು ತಂದುಕೊಟ್ಟ. ಅವಳು ಒಳ್ಳೆಯ ಬಟ್ಟೆಯಲ್ಲೇ ಕಾರಿನ ಕಾಲಬುಡದಲ್ಲಿ ಅಂಗಾತ ಮಲಗಿದಳು. ಬಲಗಾಲು ಬಾಗಿಲಿನಿಂದ ಹೊರಗೆ ಚಾಚಿಕೊಂಡಿತ್ತು. ಬಂದವರು ಹೋದವರೆಲ್ಲ ಅದನ್ನು ನೋಡಿದರು, ನೋಡಲಿ ಎಂದು ಬಿಟ್ಟಳು. ಮೂರು ಬೋಲ್ಟು ಕೂತವು. ನಾಲ್ಕನೆಯದಕ್ಕೆ ಕೈ ಎಟುಕಲಿಲ್ಲ. ಅವಳು ಕರೆಯಲಿಲ್ಲ. ಸ್ವಲ್ಪ ಹೊತ್ತು ಸ್ಪ್ಯಾನರು ತಗಡಿಗೆ ಬಡಿಯುವ ಸದ್ದು ಕೇಳಿದ ತಮ್ಮ ಇನ್ನೊಂದು ಬಾಗಿಲಿನಿಂದ ತೂರಿ ಅದನ್ನು ಬಿಗಿದ. ಬಿಗಿದದ್ದು ಸಾಲದೆಂದು ಉಳಿದ ಮೂರನ್ನೂ ಮತ್ತೊಮ್ಮೆ ಬಿಗಿದ.

ಅಷ್ಟರಲ್ಲಿ ಕೋಟು ತೊಟ್ಟ ತೀರ್ಪುಗಾರರು ಬಂದರು. ಒಳ್ಳೆಯವರೇ. ಹಸಿರು ಬಣ್ಣವನ್ನೂ ಹೊಲಿಗೆಯನ್ನೂ ಮೆಚ್ಚಿ ತಲೆದೂಗಿದರು. ಪೆಡಲು ನೋಡಿ ಮುಖ ಸಪ್ಪಗಾಯಿತು.

“ಅಮ್ಮ, ಇದೊಂದು ಇಲ್ದಿದ್ರೆ ನಿಮ್ಮ ಕಾರಿಗೆ ಮೊದಲನೇ ಬಹುಮಾನ ಖಂಡಿತ ಇತ್ತು.”

“ಇದೊಂದು ಇಲ್ದಿದ್ರೆ ಇದು ನನ್ನ ಕಾರೇ ಅಲ್ಲ ಸಾರ್. ಮಾರ್ಕ್ಸ್ ಕಳೀರಿ, ಬೇಜಾರಿಲ್ಲ.”

ಅವರು ಕಳೆದರು. ಮಾರ್ಪಾಡಾದ ಕಾರುಗಳು ಸಾಲಿನ ಮಧ್ಯದಲ್ಲಿ ಬರಬೇಕೆಂದರು. ಬಾಗಿಲಿನ ಹಿಡಿ ಹಿಡಿದು ತಮ್ಮ ನಿಂತಿದ್ದ. “ಪ್ರೈಜ್ ಹೋಯ್ತಲ್ಲಕ್ಕ.”

“ಪ್ರೈಜ್ ಕಾರಿಗೆ ತಾನೇ? ಕಾರು ನಂಗಿದೆ. ಹತ್ತು.”

ಅವನು ಪಕ್ಕದಲ್ಲಿ ಕೂತ. ಎರಡೂ ಕೈಯಲ್ಲಿ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಸೀಟಕ್ಕ ಬೆರಳು ಒತ್ತಿದಳು. ಮೈದಾನದ ಒಂದು ಮೂಲೆ ತಿರುಗಿತು, ಎರಡನೆಯದು ತಿರುಗಿತು. ತಮ್ಮನ ಒಂದು ಕೈ ಸೀಟು ಬಿಟ್ಟಿತು. ವೇದಿಕೆ ಬಂತು. ಮೈಕಿನವನು ಕೈಯಲ್ಲಿದ್ದ ಹಾಳೆ ನೋಡಿಕೊಂಡು ಕೂಗಿದ: “ಅಮೆರಿಕದ ಹಸಿರು ಸುಂದರಿ. ಓಡಿಸುತ್ತಿರುವವರು, ಮಾಲೀಕರ ತಮ್ಮ.”

ಸೀಟಕ್ಕ ಬ್ರೇಕು ಒತ್ತಿದಳು. ಕಾರು ವೇದಿಕೆಯ ಎದುರಿಗೇ ನಿಂತಿತು. ಹಿಂದಿನ ಕಾರು ನಿಂತಿತು, ಅದರ ಹಿಂದಿನದೂ ನಿಂತಿತು. ಹಾರನ್ನುಗಳು ಶುರುವಾದವು.

“ಏನಾಯ್ತಮ್ಮ, ಕೆಟ್ಟೋಯ್ತಾ?” ಎಂದು ಮೈಕಿನವನು ಬಗ್ಗಿ ಕೇಳಿದ.

“ಕಾರು ಸರಿಯಾಗಿದೆ. ಓಡಿಸ್ತಿರೋದು ಯಾರು ಅಂತ ಕಣ್ಣು ಬಿಟ್ಟು ನೋಡಿ ಹೇಳಿ.”

“ಹೋಗ್ಲಿ ಬಿಡಕ್ಕ, ಹಿಂದೆ ಎಲ್ರೂ ಕಾಯ್ತಿದಾರೆ” ಎಂದ ತಮ್ಮ ಮೆಲ್ಲಗೆ.

“ಕಾಯ್ಲಿ.”

ಮೈಕಿನವನು ಹಾಳೆ ನೋಡಿದ, ತೀರ್ಪುಗಾರರನ್ನು ನೋಡಿದ, ಕೊನೆಗೆ ಸ್ಟೀರಿಂಗ್ ಹಿಡಿದವಳನ್ನು ನೋಡಿದ. “ಓಡಿಸುತ್ತಿರುವವರು... ಮಾಲೀಕರೇ” ಎಂದ, ಅರ್ಧ ಮೈಕಿಗೆ, ಅರ್ಧ ತನಗೆ.

“ಕೇಳಿಸ್ಲಿಲ್ಲ” ಎಂದಳು ಸೀಟಕ್ಕ.

ಅವನು ಮೈಕನ್ನು ಬಾಯಿಗೆ ಒತ್ತಿ ಹಿಡಿದು ಇಡೀ ಮೈದಾನಕ್ಕೆ ಕೇಳುವಂತೆ ಮತ್ತೆ ಕೂಗಿದ. ಆಗ ಅವಳು ಬ್ರೇಕಿನಿಂದ ಕಾಲು ತೆಗೆದಳು.